ಅಳೆಯದೆ ಹಾಕಿದ ಹನಿಗಳು

ಅಳತೆ ನೋಡದೆ ಸುರಿಯುವ ಹಕ್ಕನ್ನು ನಿಮಗೆ ಕೊಟ್ಟವರಾರು? ಪ್ರೀತಿಯಿಂದ ಸುರಿದೆವೆಂದು ಹೇಳಿ ನುಣುಚಿಕೊಳ್ಳಬೇಡಿ. ನಮ್ಮೂರಿನ ಒಬ್ಬ ಕನ್ನಡಕದಂಗಡಿಯವರು ಹೇಳಿದ್ದೂ ಅದನ್ನೇ.

ಅವರ ಹೆಂಡತಿ ಸಾಯುವಾಗ ಒಂದು ಗಾಜಿನ ತೊಟ್ಟಿಯನ್ನು ಬಿಟ್ಟುಹೋಗಿದ್ದಳು. ಅದರೊಳಗೆ ಉಪ್ಪುನೀರು, ಎರಡು ಮೀನು, ಹನ್ನೊಂದು ವರ್ಷ ಜತನದಿಂದ ಸಾಕಿದ ಜೀವಂತ ನೇರಳೆ ಹವಳ. ಹವಳಕ್ಕೆ ಅಯೋಡಿನ್ ಬೇಕು, ಅದೂ ಇದ್ದೂ ಇಲ್ಲದಷ್ಟು. ಪ್ರತಿ ಭಾನುವಾರ ಆಕೆ ನೀರನ್ನು ಪರೀಕ್ಷಿಸಿ, ಬಣ್ಣ ನೋಡಿ, ಆಮೇಲಷ್ಟೇ ಹನಿ ಎಣಿಸುತ್ತಿದ್ದಳು.

"ನಿನ್ನ ತಪಾಸಣೆ ಮುಗಿಯೋ ಹೊತ್ತಿಗೆ ಆ ಮೀನಿಗೆ ಮೊಮ್ಮಕ್ಕಳಾಗಿರ್ತವೆ ಕಣೇ" ಎಂದು ಅವರು ಗೇಲಿ ಮಾಡುತ್ತಿದ್ದರು.

"ನೀವು ಕಣ್ಣು ನೋಡ್ದೇನೇ ಕನ್ನಡಕ ಕೊಡ್ತೀರೇನ್ರೀ?" ಎಂದು ಆಕೆ ಬಾಯಿ ಮುಚ್ಚಿಸುತ್ತಿದ್ದಳು.

ಆಕೆ ತೀರಿಕೊಂಡ ಮೂರನೇ ವಾರ, ತೊಟ್ಟಿಯತ್ತ ನೋಡಲಾರದೆ, "ಇದನ್ನ ಯಾರಿಗಾದ್ರೂ ಕೊಟ್ಬಿಡೋಣ" ಅಂದುಬಿಟ್ಟರು. ಅಂದಿನಿಂದ ಮಗಳು ಮಾತು ಬಿಟ್ಟಳು. ಆಡಿದ ಮಾತು ಅವರನ್ನೇ ಕೊರೆಯತೊಡಗಿತು. ಆದರೆ ತಪ್ಪೊಪ್ಪಿಕೊಳ್ಳಲು ಬಿಗುಮಾನ ಬಿಡಲಿಲ್ಲ. ಹೊಸದೊಂದು ಅಯೋಡಿನ್ ಸೀಸೆ ತಂದು, ಮನೆಯಲ್ಲಿದ್ದ ಕನ್ನಡಕದ ಡಬ್ಬಿಗಳ ಹಿಂದೆ ಬಚ್ಚಿಟ್ಟು, ದಿನವೂ ಬೆಳಿಗ್ಗೆ ಅಂಗಡಿಗೆ ಹೊರಡುವ ಮುನ್ನ ಐದು ಹನಿ ಹಾಕಿದರು. ಹೆಂಡತಿ ನೀರು ಪರೀಕ್ಷಿಸುತ್ತಿದ್ದ ಪೆಟ್ಟಿಗೆ ಮೇಜಿನ ಖಾನೆಯಲ್ಲೇ ಉಳಿಯಿತು. ಹವಳ ಬಿಳಚಿಕೊಂಡಿತು. ಸಾಲದಾಗಿರಬೇಕೆಂದು ಏಳು ಹನಿ ಹಾಕಿದರು.

ಒಂದು ಬೆಳಿಗ್ಗೆ ಹವಳದ ಮೈ ಸುಲಿದು, ಬೆಳ್ಳನೆಯ ಎಲುಬಿನಂಥ ಒಡಲು ಕಂಡಿತು. ಮಗಳು ಅವರ ಹಿಂದೆಯೇ ಬಂದು ನಿಂತಿದ್ದಳು.

"ಅಪ್ಪಾ, ಇದಕ್ಕೆ ನೀವೇನಾದ್ರೂ ಹಾಕಿದ್ರಾ?"

"ಅಯೋಡಿನ್ನು. ದಿನಾ ಬೆಳಿಗ್ಗೆ."

ಅವಳು ತೊಟ್ಟಿಯ ಬಳಿ ಬಗ್ಗಿದಳು. "ನಾನು ದಿನಾ ಸಂಜೆ ಹಾಕ್ತಿದ್ದೆ, ನೀವು ಅಂಗಡಿಯಿಂದ ಬರೋಕೆ ಮುಂಚೆ. ನೀವು ಇದರ ಮುಖಾನೂ ನೋಡಲ್ಲ ಅಂದ್ಕೊಂಡಿದ್ದೆ."

"ನೀನಾದ್ರೂ ಪರೀಕ್ಷೆ ಮಾಡಿದ್ಯಾ?"

"ಇಲ್ಲಪ್ಪಾ. ಆ ಪೆಟ್ಟಿಗೆ ಮೇಲೆ ಅಮ್ಮನ ಅಕ್ಷರ ಇದೆ. ತೆಗೆಯೋಕಾಗಲಿಲ್ಲ."

ಅಂದು ಇಬ್ಬರೂ ಸೇರಿ ತೆಗೆದರು. ಪರೀಕ್ಷೆಗೆ ತೆಗೆದ ನೀರಿನ ಬಣ್ಣ ಅಳತೆಪಟ್ಟಿಯ ಕೊನೆಯ ಬಣ್ಣಕ್ಕಿಂತಲೂ ಕಡುವಾಗಿತ್ತು. ನಾಲ್ಕು ದಿನ ಇಬ್ಬರೂ ಬಕೆಟ್ ಹಿಡಿದು ನೀರು ಬದಲಿಸಿದರು. ಮೀನುಗಳು ಬದುಕಿದವು, ಹವಳ ಬದುಕಲಿಲ್ಲ.

"ಮೂವತ್ತು ವರ್ಷ ಊರವರ ಕಣ್ಣು ಅಳೆದೆ ಕಣಮ್ಮಾ, ಇದಕ್ಕೆ ಮಾತ್ರ ಪ್ರೀತಿಯಿಂದ ಅಂತ ಅಳೆಯದೇ ಸುರಿದೆ" ಎಂದು ಅವರು ಅಳತೆಪಟ್ಟಿಯನ್ನು ಪೆಟ್ಟಿಗೆಯೊಳಗಿಟ್ಟರು.

ನಿಮ್ಮ ಮನೆಯಲ್ಲೂ ಮುನಿದು ಮೌನವಾದವರಿದ್ದರೆ, ಇಂದೇ ಅವರ ಬಾಗಿಲು ತಟ್ಟಿ. ನೀವೇನು ಹಾಕುತ್ತಿದ್ದೀರೆಂದು ಹೇಳಿ, ಅವರೇನು ಹಾಕುತ್ತಿದ್ದಾರೆಂದು ಕೇಳಿ. ಸೀಸೆಯನ್ನು ಆಮೇಲೆ ಮುಟ್ಟಿ.