ಒಗೆಯದ ಚೀಲ

ಲಾಂಡ್ರಿ ಅಕ್ಕನ ಮೈದುನನಿಗೆ ಹುಚ್ಚು ಹತ್ತುವುದೂ ಬೇಗ, ಬಿಡುವುದೂ ಬೇಗ. ಮೊದಲು ಮೀನಿನ ತೊಟ್ಟಿ, ಆಮೇಲೆ ಗಿಟಾರು, ಈ ಸಲ ಶುಗರ್ ಗ್ಲೈಡರ್ ಎಂಬ ಎರಡು ಪುಟ್ಟ ಪ್ರಾಣಿ. ಮುಷ್ಟಿಯಷ್ಟು ಮೈ, ಬೂದು ಬಣ್ಣ, ಬೆನ್ನ ಮೇಲೊಂದು ಕಪ್ಪು ಗೆರೆ, ಮುಖದಲ್ಲಿ ಅರ್ಧ ಬರೀ ಕಣ್ಣು. ಮುಂಗಾಲಿಗೂ ಹಿಂಗಾಲಿಗೂ ನಡುವೆ ತೆಳ್ಳಗಿನ ಚರ್ಮ. ಅದನ್ನು ಬಿಡಿಸಿಕೊಂಡು ಎತ್ತರದಿಂದ ಗಾಳಿಯಲ್ಲಿ ತೇಲಿ ಬರುತ್ತವಂತೆ. ಬರುತ್ತವಂತೆ, ಅಷ್ಟೇ. ಎರಡು ತಿಂಗಳಲ್ಲಿ ಅವು ಮಾಡಿದ ಕೆಲಸವೆಂದರೆ ಹಗಲೆಲ್ಲ ನಿದ್ದೆ ಹೊಡೆಯುವುದು, ಸಂಜೆ ಎದ್ದು ಅವನ ಬೆರಳು ಕಚ್ಚುವುದು.

"ಸಾಕಾಗಿಹೋಯ್ತು ಅತ್ತಿಗೆ. ನನ್ನ ಸ್ನೇಹಿತನ ಹತ್ರ ಒಂದು ಗಂಡಿದೆ. ಈ ಹೆಣ್ಣನ್ನ ಅವನು ತಗೊಂಡು ಹೋಗ್ತಾನಂತೆ."

"ಮತ್ತೆ ಈ ಗಂಡು?"

"ಯಾರಾದ್ರೂ ತಗೊಳ್ತಾರೆ ಬಿಡಿ."

ಬಿಡಿ ಅಂತೆ! ಹಳೇ ಚಪ್ಪಲಿಯೇನು, ಬಿಟ್ಟುಬಿಡಲಿಕ್ಕೆ? ಅಕ್ಕ ಗೂಡಿನೊಳಗೆ ಇಣುಕಿದಳು. ಎರಡೂ ಒಂದೇ ಉಂಡೆಯಾಗಿ ಮಲಗಿದ್ದವು. ಯಾರ ಬಾಲ ಯಾರ ಮೂಗಿನ ಮೇಲಿದೆ ಎಂದು ಹೇಳುವಂತಿರಲಿಲ್ಲ. ಇವನ್ನು ಬೇರೆ ಮಾಡಿದರೆ ಎರಡೂ ಕೊರಗಿ ಸಾಯುತ್ತವೆ ಎಂದು ಅಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಎರಡನ್ನೂ ನಂಗೆ ಕೊಡು."

"ನಿಮಗೂ ಕಚ್ತವೆ ಅತ್ತಿಗೆ."

"ಇಪ್ಪತ್ತು ದಿನ ಟೈಮ್ ಕೊಡು ನೋಡೋಣ."

ಮೈದುನ ನಕ್ಕ. "ಆಗಲಿ. ಇಪ್ಪತ್ತನೇ ದಿನ ಅವು ತಾವಾಗೇ ನಿಮ್ಮ ಹತ್ರ ಬಂದ್ರೆ ಜೋಡಿ ನಿಮ್ಮದು. ಇಲ್ಲಾಂದ್ರೆ ನಾನೂ ನನ್ನ ಸ್ನೇಹಿತನೂ ಬರ್ತೀವಿ, ಹೆಣ್ಣನ್ನ ಕೊಟ್ಟುಬಿಡಬೇಕು. ಆಮೇಲೆ ಅಳಬಾರದು."

ಅಕ್ಕ ಹೆಣ್ಣಿಗೆ ಪುಟ್ಟಿ ಎಂದೂ ಗಂಡಿಗೆ ಗುಮ್ಮ ಎಂದೂ ಹೆಸರಿಟ್ಟಳು. ಪ್ರಾಣಿಗಳ ಡಾಕ್ಟರ ಬಿಳಿ ಕೋಟು ಒಗೆಯುತ್ತಿದ್ದವಳು ಇವಳೇ ಆದ್ದರಿಂದ ಸಲಹೆ ಕೇಳಲು ದೂರ ಹೋಗಬೇಕಾಗಲಿಲ್ಲ. "ಹಗಲು ಹೊತ್ತು ಒಂದು ಮೆತ್ತನೆ ಚೀಲದಲ್ಲಿ ಮಲಗಿಸಿ, ಕೊರಳಿಗೆ ಹಾಕ್ಕೊಂಡು ಓಡಾಡಿ. ಅವಕ್ಕೆ ನಿಮ್ಮ ವಾಸನೆ ಅಭ್ಯಾಸ ಆಗುತ್ತೆ," ಎಂದರು ಡಾಕ್ಟರು. ಅಕ್ಕ ಹಳೆಯ ಕಂಬಳಿಯಲ್ಲಿ ಒಂದು ಚೀಲ ಹೊಲಿದಳು. ಮೂರು ಮೆಷಿನ್ನು, ಒಂದು ಉದ್ದ ಮೇಜು, ಸಾಲು ಹ್ಯಾಂಗರುಗಳ ನಡುವೆ ಚೀಲ ತೂಗಿಸಿಕೊಂಡೇ ಓಡಾಡಿದಳು.

ಸಂಜೆಯಾದರೆ ಸಾಕು, ಶುರುವಾಗುತ್ತಿತ್ತು ಸಂಗೀತ. ಅಕ್ಕ ಕೈ ಚಾಚಿದರೆ ಗುಮ್ಮ ಎರಡು ಕಾಲ ಮೇಲೆ ನಿಂತು ಕರ್ರ್ರ್ ಎಂದು ಅರಚುತ್ತಿದ್ದ, ಹಳೇ ಸ್ಕೂಟರು ಸ್ಟಾರ್ಟ್ ಆಗದೆ ಒದ್ದಾಡಿದ ಹಾಗೆ. ಪುಟ್ಟಿ ಅವನ ಬೆನ್ನ ಹಿಂದೆ ಅಡಗುತ್ತಿದ್ದಳು. ಒಂದು ದಿನ, ಎರಡು ದಿನ ಅಲ್ಲ, ಹನ್ನೊಂದು ದಿನ ಹೀಗೇ.

"ಮದುವೆಯಾದ ಹೊಸದ್ರಲ್ಲಿ ನಿನ್ನನ್ನ ಕಂಡ್ರೆ ನಂಗೂ ಹೀಗೇ ಅರಚಬೇಕು ಅನ್ನಿಸ್ತಿತ್ತು, ಧೈರ್ಯ ಇರ್ಲಿಲ್ಲ," ಎಂದ ಗಂಡ.

"ನೀವು ಸುಮ್ಮನಿರ್ರೀ!" ಎಂದ ಅಕ್ಕ ಅವತ್ತು ಬಚ್ಚಲಿಗೆ ಹೋಗಿ ಅತ್ತಳು.

ಹನ್ನೆರಡನೇ ದಿನ ಅಂಗಡಿಯಲ್ಲೊಂದು ಎಡವಟ್ಟಾಯಿತು. ಮೂರು ಮನೆಯ ಗಂಟುಗಳು ಮೇಜಿನಿಂದ ಬಿದ್ದು, ಗುರುತಿನ ಚೀಟಿಗಳೆಲ್ಲ ಉದುರಿ, ಬಟ್ಟೆ ಬೆರೆತುಹೋಯಿತು. ಇಸ್ತ್ರಿ ಮಾಡುವಾಕೆ ತಲೆ ಮೇಲೆ ಕೈ ಹೊತ್ತುಕೊಂಡಳು. ಅಕ್ಕನಿಗೆ ಇದು ಯಾವ ದೊಡ್ಡ ವಿಷಯ? ಒಂದೊಂದೇ ಎತ್ತಿ ಮೂಗಿಗೆ ಹಿಡಿದಳು.

"ಇದು ಬೇಕರಿಯವನದು. ಇದು ಡ್ರೈವರಣ್ಣಂದು, ಡೀಸೆಲ್ ವಾಸನೆ. ಇದು ಮೇಷ್ಟ್ರದು, ಜೇಬಲ್ಲೇ ನಶ್ಯ."

"ಈಗ್ಲೇ ಬೇರೆ ಮಾಡಿಬಿಡಿ ಅಕ್ಕ. ಒಂದ್ಸಲ ಒಗೆದ್ರೆ ನಿಮ್ಮ ಮೂಗಿಗೂ ಗೊತ್ತಾಗಲ್ಲ. ಎಲ್ಲಾರದೂ ಒಂದೇ ಸೋಪಿನ ವಾಸನೆ."

ಅಕ್ಕನ ಕೈ ಅಲ್ಲೇ ನಿಂತುಬಿಟ್ಟಿತು. ಎದೆಯ ಮೇಲಿದ್ದ ಚೀಲವನ್ನು ಎತ್ತಿ ಮೂಸಿದಳು. ಸೋಪು, ಸೋಪಿನ ಮೇಲೆ ಪರಿಮಳದ ನೀರು, ಅದರ ಮೇಲೆ ಬಿಸಿ ಇಸ್ತ್ರಿ. ಹನ್ನೊಂದು ದಿನ, ದಿನ ತಪ್ಪದೆ, ಗ್ಲೈಡರ್‌ಗಳನ್ನು ಅದರಲ್ಲಿ ಇಡುವ ಮುಂಚೆ ಅಕ್ಕ ಚೀಲ ಒಗೆದಿದ್ದಳು. ತಾನು ಹಾಕಿಕೊಂಡ ಅಂಗಿಯನ್ನೂ, ತನ್ನ ಎರಡು ಕೈಗಳನ್ನೂ ಅಷ್ಟೇ ಚೊಕ್ಕವಾಗಿ ತೊಳೆದಿದ್ದಳು. ಲಾಂಡ್ರಿಯವಳ ಚೀಲ ನಾರಿದರೆ ಮರ್ಯಾದೆ ಏನಾಗಬೇಕು? ಪಾಪ, ಮೂಗಿನಿಂದಲೇ ತಮ್ಮವರ‍್ಯಾರು ಎಂದು ತಿಳಿಯುವ ಜೀವಗಳು ಅವು. ಅವುಗಳ ಪಾಲಿಗೆ ದಿನಾ ಬೆಳಿಗ್ಗೆ ಹೊಸಬಳೊಬ್ಬಳು ಬಂದು ಎತ್ತಿಕೊಂಡು ಹೋಗುತ್ತಿದ್ದಳು.

"ನನ್ನ ಬುದ್ಧಿಗೆ ಬೆಂಕಿ ಹಾಕ! ದಿನಾ ನನ್ನನ್ನ ನಾನೇ ಒಗೆದು ಹಾಕ್ತಿದ್ದೀನಲ್ಲೇ!"

ಉಳಿದದ್ದು ಎಂಟು ದಿನ. ಆ ಎಂಟು ದಿನ ಅಕ್ಕ ಪಟ್ಟ ಪಾಡು ಅವಳಿಗೇ ಗೊತ್ತು. ಒಂದೇ ಹಳೇ ಹತ್ತಿ ಅಂಗಿ, ಬೆವರಿದರೂ ಅದೇ, ಕಲೆಯಾದರೂ ಅದೇ. ಗ್ಲೈಡರ್‌ಗಳು ಗೂಡಿನಲ್ಲಿದ್ದಾಗ ಚೀಲವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದಳು. ಸೋಪು ಮುಟ್ಟುವ ಕೆಲಸವನ್ನೆಲ್ಲ ಇಸ್ತ್ರಿಯಾಕೆಗೆ ವಹಿಸಿದಳು. ಬಟ್ಟೆ ಕೊಡಲು ಬಂದ ಮೇಷ್ಟರು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಅಕ್ಕನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು, ಆದರೂ ಅಂಗಿ ಬದಲಾಯಿಸಲಿಲ್ಲ.

ಹದಿನೈದನೇ ದಿನ ಗುಮ್ಮನ ಅರಚಾಟ ಅರ್ಧಕ್ಕೇ ನಿಂತಿತು. ಹದಿನೇಳನೇ ದಿನ ಪುಟ್ಟಿ ಬೆರಳ ತುದಿಯ ಜೇನು ನೆಕ್ಕಿದಳು. ಹತ್ತೊಂಬತ್ತನೇ ದಿನ ಗುಮ್ಮ ತನ್ನ ಪುಟಾಣಿ ಕೈಯಿಂದ ಅಕ್ಕನ ಕಿರುಬೆರಳು ಹಿಡಿದುಕೊಂಡ. ಆದರೆ ತಾವಾಗಿ ಬರಬೇಕಲ್ಲ, ಅದೊಂದು ಆಗಿರಲಿಲ್ಲ.

ಇಪ್ಪತ್ತನೇ ದಿನ ಸಂಜೆ ಮೈದುನ ಸ್ನೇಹಿತನ ಜೊತೆ ಬಂದ. ಸ್ನೇಹಿತನ ಕೈಯಲ್ಲಿ ಗಾಳಿಯಾಡುವ ಸಣ್ಣ ಪೆಟ್ಟಿಗೆ. ಅವನು ಅಕ್ಕನ ಅಂಗಿಯ ಕಲೆ ನೋಡಿ, "ಲಾಂಡ್ರಿ ನಡೆಸೋರು ಅಂದಿದ್ದೆಯಲ್ಲೋ?" ಎಂದು ಮೈದುನನ ಕಿವಿಯಲ್ಲಿ ಪಿಸುಗುಟ್ಟಿದ. ಅಕ್ಕನಿಗೆ ಕೇಳಿಸಿತು, ನುಂಗಿಕೊಂಡಳು.

ಗೂಡಿನ ಬಾಗಿಲು ತೆರೆದದ್ದೇ ತಡ, ಎರಡೂ ಸರಸರ ಪರದೆ ಹತ್ತಿ ಮೇಲಿನ ಕೋಲಿನ ಮೇಲೆ ಕುಳಿತವು. ಸ್ನೇಹಿತ ಹಣ್ಣಿನ ಹೋಳು ಹಿಡಿದು ಕೆಳಗೆ ನಿಂತ. "ಬಾ ಬಾ ಬಾ!" ಪುಟ್ಟಿ ಹಣ್ಣು ನೋಡಿದಳು. ಅಕ್ಕನ ಕೈಯಲ್ಲಿ ಜೇನಿಲ್ಲ, ಹಣ್ಣಿಲ್ಲ. ಕೊರಳಿಗೆ ಖಾಲಿ ಚೀಲ ಹಾಕಿಕೊಂಡು ಕೋಣೆಯ ಆ ತುದಿಯಲ್ಲಿ ಗೋಡೆಗೆ ಒರಗಿ ನಿಂತಿದ್ದಳು, ಅಷ್ಟೇ.

ಪುಟ್ಟಿ ಮೂಗು ಎತ್ತಿದಳು. ತಲೆಯನ್ನು ಮೇಲೆ ಕೆಳಗೆ ಆಡಿಸಿ ದೂರ ಅಳೆದಳು. ಹಾರಿಯೇಬಿಟ್ಟಳು! ನಾಲ್ಕು ಕಾಲು ಚಾಚಿ, ಕರವಸ್ತ್ರ ಬಿಡಿಸಿದ ಹಾಗೆ ಅಗಲವಾಗಿ, ಸ್ನೇಹಿತನ ತಲೆಯ ಮೇಲಿಂದ ತೇಲಿ ಬಂದು ಅಕ್ಕನ ಎದೆಗೆ ದೊಪ್ಪೆಂದು ಅಂಟಿಕೊಂಡು, ಹಾಗೇ ಚೀಲದೊಳಗೆ ತೂರಿಕೊಂಡಳು.

ಕೋಲಿನ ಮೇಲೆ ಗುಮ್ಮ ಒಬ್ಬನೇ ಉಳಿದಿದ್ದ.

"ಜೋಡಿ ಅಂದಿದ್ದೆ ಅತ್ತಿಗೆ," ಎಂದು ಮೈದುನ ಮೆಲ್ಲಗೆ ನೆನಪಿಸಿದ.

"ಬಾರೋ ಗುಮ್ಮ," ಎಂದಳು ಅಕ್ಕ. "ನಾನೇ ಕಣೋ."

ಗುಮ್ಮ ಅತ್ತ ನೋಡಿದ, ಇತ್ತ ನೋಡಿದ, ಹಾರಿದ. ಗುರಿ ತಪ್ಪಿ ಅಕ್ಕನ ತಲೆಯ ಮೇಲೆ ಬಿದ್ದು, ಕೂದಲು ಹಿಡಿದು ಜಾರಿ, ಭುಜಕ್ಕೆ ಬಂದು, ನೇರವಾಗಿ ಪುಟ್ಟಿಯ ಪಕ್ಕ ಚೀಲದೊಳಗೆ ನುಗ್ಗಿದ.

ಅಕ್ಕ ನಗುತ್ತಿದ್ದಳೋ ಅಳುತ್ತಿದ್ದಳೋ ದೇವರೇ ಬಲ್ಲ. "ಹೆಣ್ಣು ಬೇಕು ಅಂದ್ರಲ್ಲಾ? ಬನ್ನಿ, ತಗೊಳ್ಳಿ ನೋಡೋಣ!" ಎಂದು ಎದೆ ಮುಂದೆ ಮಾಡಿ ನಿಂತಳು.

ಸ್ನೇಹಿತ ಹಣ್ಣಿನ ಹೋಳನ್ನು ತಾನೇ ಬಾಯಿಗೆ ಹಾಕಿಕೊಂಡ. "ಇವನ್ನ ಬೇರೆ ಮಾಡಿದ್ರೆ ಪಾಪ ಸುತ್ಕೊಳ್ಳುತ್ತೆ. ನಡಿಯಪ್ಪ," ಎಂದು ಖಾಲಿ ಪೆಟ್ಟಿಗೆ ಎತ್ತಿಕೊಂಡ. ಮೈದುನ ಹೋಗುವ ಮುಂಚೆ ಅತ್ತಿಗೆಗೆ ಎರಡೂ ಕೈ ಎತ್ತಿ ಮುಗಿದ. ತಮಾಷೆಗಲ್ಲ, ನಿಜವಾಗಿಯೇ ಮುಗಿದ.

ಬಾಗಿಲು ಹಾಕಿಕೊಂಡು ಬಂದ ಗಂಡ ನೋಡುತ್ತಾನೆ, ಅಕ್ಕ ನಿಂತಲ್ಲೇ ನಿಂತಿದ್ದಾಳೆ. ಕೆನ್ನೆ ಒರೆಸಿಕೊಳ್ಳಲೂ ಕೈ ಎತ್ತುತ್ತಿಲ್ಲ.

"ಈಗಾದ್ರೂ ಆ ಅಂಗಿ ಬಿಚ್ಚೇ ಮಾರಾಯ್ತಿ!"

"ಮೆತ್ತಗೆ ಮಾತಾಡ್ರೀ," ಎಂದಳು ಅಕ್ಕ. "ಅಷ್ಟು ಜನರಲ್ಲಿ ನನ್ನ ಗುರುತು ಹಿಡಿದ್ವು ಕಣ್ರೀ."