ಎದುರು ದಡದ ಬಿಳಿ ಗಾಯ

ಹೊಳೆ ಇಳಿಯುವುದನ್ನು ಆ ವರ್ಷ ಇಬ್ಬರು ಕಾಯುತ್ತಿದ್ದರು. ಇಳಿದ ದಿನ ಇಬ್ಬರಲ್ಲಿ ಒಬ್ಬರು ಹೊಳೆ ದಾಟಿಸುವ ಕಡವನ್ನು ಕಳೆದುಕೊಳ್ಳಬೇಕಾಗಿತ್ತು.

ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಮುತ್ತತ್ತಿಯ ಕಡೆಗೆ ಸಾಗುವಾಗ ಬೆಟ್ಟಗಳ ನಡುವೆ ಒಂದೆಡೆ ಅಗಲಗೊಂಡು, ದಾಟುವವರಿಗೆ ದಾರಿ ಕೊಡುತ್ತದೆ. ಈಚೆ ದಡ ಮಳವಳ್ಳಿ ತಾಲ್ಲೂಕಿಗೆ ಸೇರಿದ ಮೈಸೂರು ಸೀಮೆ; ಆಚೆ ದಡ ಮದರಾಸಿನವರದು. ಊರಿನವರ ರಾಗಿ ಹೊಲಗಳು ಮಾತ್ರ ಎರಡೂ ಸೀಮೆಗಳಲ್ಲಿ ಹರಡಿಕೊಂಡಿದ್ದವು. ಯುದ್ಧ ನಡೆಯುತ್ತಿದ್ದು, ಧಾನ್ಯಕ್ಕೆ ಕಟ್ಟುನಿಟ್ಟು ಬಂದಿದ್ದ ಆ ಕಾಲದಲ್ಲಿ ಆಚೆಯ ಹೊಲದ ಒಂದು ತೆನೆಯನ್ನೂ ಬಿಡುವಂತಿರಲಿಲ್ಲ. ಜನರನ್ನು ದಾಟಿಸುವ ಹರಿಗೋಲು ಬೆಸ್ತರ ಬೆಟ್ಟಯ್ಯನ ಮನೆತನದ್ದು. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಆ ಮನೆಗೆ ರಾಗಿ ಬರುತ್ತಿತ್ತು. ಹರಿಗೋಲು ನಡೆಸುವ ಹುಟ್ಟು ಯಾರ ಕೈಯಲ್ಲಿದೆಯೋ ಅವರಿಗೆ ಆ ರಾಗಿ, ಊರಿನಲ್ಲಿ ಒಂದು ಮಾತು, ಒಂದು ನೆಲೆ.

ಆಷಾಢದಲ್ಲಿ ಮೊದಲ ಕೆಂಪು ನೀರು ಬಂದ ದಿನ ಬೆಟ್ಟಯ್ಯನ ಹಿರಿಯ ಮಗ ಪುಟ್ಟಮಾದಯ್ಯ ಖಾಲಿ ಹರಿಗೋಲನ್ನು ಆಚೆಯಿಂದ ಈಚೆಗೆ ತರುತ್ತಿದ್ದನು. ಹೊಳೆಯ ನಡುವೆ, ದಾಟುವ ಗೆರೆಗಿಂತ ತುಸು ಕೆಳಗೆ, ಊರಿನವರು ಕರಿಬಂಡೆಯೆನ್ನುವ ಬಂಡೆಯಿದೆ. ಹರಿಗೋಲು ಅದಕ್ಕೆ ಬಡಿಯಿತು. ಮುಳುಗಿದವನ ದೇಹವನ್ನು ಮುತ್ತತ್ತಿಗೆ ಹರಕೆ ಹೊತ್ತು ಬಂದವರು ಕಂಡರು. ಅವನ ಹುಟ್ಟು ಮಾತ್ರ ಎಲ್ಲಿಯೂ ಸಿಗಲಿಲ್ಲ. ಮರುದಿನ ಹೊಳೆ ಕರಿಬಂಡೆಯ ನೆತ್ತಿಯವರೆಗೆ ಏರಿ ನಿಂತಿತು, ಕಡವು ಮುಚ್ಚಿತು.

ಅವನ ಹೆಂಡತಿ ಚಿಕ್ಕಮಾದಮ್ಮ ಹುಟ್ಟಿದ್ದೂ ಅಂಬಿಗರ ಮನೆಯಲ್ಲಿಯೇ. ರಾಗಿ ಬೀಸುವುದನ್ನು ಕಲಿಯುವ ಮೊದಲೇ ಹುಟ್ಟು ಹಿಡಿದವಳು. ಗಂಡ ಜ್ವರ ಬಂದು ಮಲಗಿದಾಗಲೆಲ್ಲ ಊರನ್ನು ದಾಟಿಸಿದವಳು ಅವಳೇ. ತಿಥಿ ಮುಗಿದ ಮೇಲೆ ಕಿರುಗಾವಲಿನಿಂದ ಅವಳ ಅಣ್ಣ ಬಂದು, ಬಾಗಿಲ ಹೊರಗೇ ನಿಂತು, ಬರುವುದಾದರೆ ತನ್ನ ಮನೆಗೆ ಬರಬಹುದೆಂದು ಹೇಳಿ ಹೋಗಿದ್ದನು. ಅಣ್ಣನ ಹೆಂಡತಿ ಜೊತೆಗೆ ಬಂದಿರಲಿಲ್ಲ. ಆ ಮನೆಯಲ್ಲಿ ತನ್ನ ಬಾಳು ಕೊಟ್ಟಿಗೆಗೂ ಒಲೆಗೂ ನಡುವೆ ಮುಗಿಯುವುದೆಂದು ಚಿಕ್ಕಮಾದಮ್ಮನಿಗೆ ಗೊತ್ತಿತ್ತು. ಊರಿನ ಯಜಮಾನ ಚಿಕ್ಕಬೋರಯ್ಯನ ಜಗಲಿಯ ಮುಂದೆ ನಿಂತು, ಕಡವನ್ನು ತಾನೇ ನಡೆಸುವೆನೆಂದು ಅವಳು ಹೇಳಿದಳು.

ಇದಕ್ಕೆ ಎದುರು ನಿಂತವನು ಮೈದುನ ಕೆಂಪಸಿದ್ದಯ್ಯ. ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕೂಲಿ ಮಾಡುತ್ತಿದ್ದವನು ಅಣ್ಣ ಸತ್ತ ಸುದ್ದಿಗೆ ಊರಿಗೆ ಮರಳಿದ್ದನು. ಅವನು ಕೆಟ್ಟವನಲ್ಲ. ಅತ್ತಿಗೆಗೆ ಹೊಟ್ಟೆಗೆ ಹಾಕುವುದು ತನ್ನ ಹೊಣೆಯೆಂದು ಎಲ್ಲರೆದುರು ಒಪ್ಪಿಕೊಂಡನು. ಆದರೆ ಗಂಡನನ್ನು ನುಂಗಿದ ನೀರಿನ ಮೇಲೆ ಹೆಂಗಸೊಬ್ಬಳು ಊರಿನವರ ಪ್ರಾಣ ಹೊತ್ತು ಹೋಗುವುದು ಬೇಡವೆಂದು ಹಟ ಹಿಡಿದನು.

ಚಿಕ್ಕಬೋರಯ್ಯ ತೀರ್ಮಾನವನ್ನು ಹೊಳೆಗೇ ಬಿಟ್ಟನು. ನೀರು ಇಳಿದು ಕಡವು ತೆರೆಯುವ ದಿನ ಚಿಕ್ಕಮಾದಮ್ಮ ತುಂಬಿದ ಹರಿಗೋಲನ್ನು ಆಚೆಯ ಕಲ್ಲುಮೆಟ್ಟಿಲಿಗೆ ಮುಟ್ಟಿಸಬೇಕು. ಅವಳ ಕೈ ಸೋತರೆ ಉಳಿಸಲು ಎರಡನೆಯ ಹುಟ್ಟು ಹಿಡಿದು ಕೆಂಪಸಿದ್ದಯ್ಯನೂ ಕೂತಿರಬೇಕು. ಆ ಎರಡನೆಯ ಹುಟ್ಟು ನೀರು ಮುಟ್ಟಿತೆಂದರೆ ಕಡವು ಅವನದು.

ಶ್ರಾವಣದಲ್ಲಿ, ಕಡವು ಇನ್ನೂ ಮುಚ್ಚಿದ್ದರೂ, ಪ್ರವಾಹ ತುಸು ತಗ್ಗಿ ಕರಿಬಂಡೆಯ ನೆತ್ತಿ ಕಂಡಾಗ ಅವಳು ಮಾವನನ್ನು ಕೂರಿಸಿಕೊಂಡು ಹೊಸ ಚರ್ಮ ಹೊದಿಸಿದ ಹರಿಗೋಲನ್ನು ನೀರಿಗಿಳಿಸಿದಳು. ಪಾರ್ಶ್ವವಾಯು ಬೆಟ್ಟಯ್ಯನ ಬಲಗೈಯನ್ನು ಕಸಿದುಕೊಂಡಿತ್ತು; ಅವನು ನೋಡಬಲ್ಲವನಾಗಿದ್ದನೇ ಹೊರತು ಹುಟ್ಟು ಹಾಕಬಲ್ಲವನಾಗಿರಲಿಲ್ಲ. ಹರಿಗೋಲು ದಡ ಬಿಟ್ಟು ನೆಟ್ಟಗೆ ಸಾಗಿತು. ನಡುಹೊಳೆ ಸಮೀಪಿಸುತ್ತಿದ್ದಂತೆ, ಯಾರೋ ಹಗ್ಗ ಕಟ್ಟಿ ಎಳೆದಂತೆ ಕರಿಬಂಡೆಯ ಕಡೆಗೆ ವಾಲಿತು. ಅವಳು ಮೈಯೆಲ್ಲ ಬಲ ಹಾಕಿ ಹಿಂದಕ್ಕೆ ತಂದಳು. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಬಂಡೆಯ ಪಾಚಿಯ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರ ಹೋಗಿ ಬಂದಳು.

ಸುದ್ದಿ ಊರಿಗೆ ತಿಳಿಯಿತು. ಸತ್ತವನು ಹೆಂಡತಿಯನ್ನು ಕರೆಯುತ್ತಿದ್ದಾನೆಂದು ಹೆಂಗಸರು ಪಿಸುಗುಟ್ಟಿದರು. ಅತ್ತೆ ಹೊಂಬಾಳಮ್ಮ ಅದನ್ನು ಪಿಸುಗುಟ್ಟದೆ ಗಟ್ಟಿಯಾಗಿಯೇ ಹೇಳಿ, ಬಂಡೆಗೆ ಎಡೆ ಇಡಬೇಕೆಂದಳು. ಬಂಡೆ ಹತ್ತಿರ ಬಂದಾಗ ತನಗೂ ಹಾಗೆಯೇ ಅನ್ನಿಸುತ್ತಿತ್ತೆಂಬುದನ್ನು ಚಿಕ್ಕಮಾದಮ್ಮ ಯಾರಿಗೂ ಹೇಳಿರಲಿಲ್ಲ.

ಬೆಟ್ಟಯ್ಯ ಅವಳನ್ನು ದಡದಲ್ಲಿ ಕೂರಿಸಿಕೊಂಡು, ಎಲೆಯಡಿಕೆ ಉಗಿದು ಮಾತನಾಡಿದನು.

“ನಿನ್ನ ಕೈಯ್ದು ತಪ್ಪಿಲ್ಲ ಮಗಾ. ಕಣ್ಣು ಎತ್ಲಾಗೋ ಅರಿಗೋಲು ಅತ್ಲಾಗೆ. ನೀನು ಬಂಡೆಗೆ ಎದರ್ಕೊಂಡು ಬಂಡೆನೇ ನೋಡ್ತೀಯ. ನನ್ ಮಗನೂ ಆವತ್ತು ಅದ್ನೇ ನೋಡ್ದ. ನಾನು ದಡದ ಮ್ಯಾಲಿದ್ದೆ. ಅವ್ನ ಮೊಕ ಕಾಣ್ತಿತ್ತು.”

ಮಗನ ಸಾವಿನ ಬಗ್ಗೆ ಅವನು ಆಡಿದ ಮೊದಲ ಮಾತು ಅದು. ಚಿಕ್ಕಮಾದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನೋಡಬಾರದೆಂದು ಮರುದಿನ ಅವಳು ಹಲ್ಲು ಕಚ್ಚಿ ಹೊರಟಳು. ನೋಡಬಾರದೆಂದುಕೊಂಡಷ್ಟೂ ಬಂಡೆ ದೊಡ್ಡದಾಯಿತು. ಹರಿಗೋಲು ಮತ್ತೆ ಅಲ್ಲಿಗೇ ಹೋಯಿತು. ದಡಕ್ಕೆ ಮರಳಿದವಳು ಹುಟ್ಟನ್ನು ಮಾವನ ಮುಂದಿಟ್ಟು, ಕಿರುಗಾವಲಿಗೆ ಹೊರಡುವುದೇ ಸರಿಯೆಂದಳು.

ಬೆಟ್ಟಯ್ಯ ಹುಟ್ಟನ್ನು ಎಡಗೈಯಿಂದ ಅವಳ ಕಡೆಗೇ ನೂಕಿದನು. “ಕರೀತಾ ಅವ್ನೆ ಅಂತ ತಾನೆ ನಿಂಗೂ ಅನ್ಸೋದು? ಅಂಗಾರೆ ದಡದಲ್ಲೇ ಕೂತು ಮಾತಾಡ್ಬುಟ್ಟು ಓಗು. ಎಷ್ಟೊತ್ತಾದ್ರೂ ಆಗ್ಲಿ. ನೀರ್ ಮ್ಯಾಲೆ ಮಾತು ಬ್ಯಾಡ.”

ಅಂದಿನಿಂದ ಅವಳ ಬೆಳಗು ಬೇರೆಯಾಯಿತು. ದಡದ ಒಂದು ಕಲ್ಲಿನ ಮೇಲೆ ಬಂಡೆಗೆ ಮುಖ ಮಾಡಿ ಕುಳಿತು, ಕಣ್ಣು ದಣಿಯುವವರೆಗೆ ಅದನ್ನೇ ನೋಡುತ್ತಿದ್ದಳು. ಅಳು ಬಂದರೆ ಅಳುತ್ತಿದ್ದಳು. ಗಂಡನನ್ನು ಬೈಯುತ್ತಿದ್ದಳು, ಖಾಲಿ ಹರಿಗೋಲನ್ನು ತರುವ ಅವಸರ ಏನಿತ್ತೆಂದು ಕೇಳುತ್ತಿದ್ದಳು. ಸಾಕೆನಿಸಿದಾಗ ಎದ್ದು ಮುಖ ತೊಳೆದು, ಎದುರು ದಡದಲ್ಲಿ ಒಂದು ಗುರುತನ್ನು ಹಿಡಿಯುತ್ತಿದ್ದಳು. ಮೆಟ್ಟಿಲುಗಳ ಮೇಲೆ ಬಾಗಿದ್ದ ದೊಡ್ಡ ಹೊಳೆಮತ್ತಿ ಮರದ ಒಂದು ಕೊಂಬೆಯನ್ನು ಆ ವರ್ಷದ ಪ್ರವಾಹವೇ ಸೀಳಿ ಒಯ್ದಿತ್ತು. ಅದು ಮುರಿದ ಜಾಗದಲ್ಲಿ ದೂರಕ್ಕೆ ಅಂಗೈಯಗಲ ಕಾಣುವ ಬಿಳಿ ಗಾಯ ಉಳಿದಿತ್ತು. ಹರಿಗೋಲಿಗೆ ಕಾಲಿಟ್ಟ ಮೇಲೆ ಅವಳ ಕಣ್ಣಿಗಿದ್ದುದು ಅದೊಂದೇ.

ಅಷ್ಟರಿಂದಲೇ ಕೆಲಸವಾಗಲಿಲ್ಲ. ಹರಿಗೋಲಿನ ಗುಣವೇ ತಿರುಗುವುದು. ಸುಳಿ ಸಿಕ್ಕಾಗ ಅದು ಬುಗುರಿಯಂತೆ ಸುತ್ತುತ್ತದೆ. ಗುರುತು ಕಣ್ಣು ತಪ್ಪಿ ಬೆನ್ನ ಹಿಂದಕ್ಕೆ ಹೋಗುತ್ತದೆ. ತಪ್ಪಿದೊಡನೆ ಅವಳು ಗಾಬರಿಯಾಗಿ ಹುಟ್ಟನ್ನು ಬೀಸುತ್ತಿದ್ದಳು. ಬೀಸಿದಾಗ ಬಂಡೆ ಎದುರಿಗಿರುತ್ತಿತ್ತು. ತಿರುಗುವುದಕ್ಕೆ ಬೆದರಬಾರದು, ಅದು ತಿರುಗಿಯೇ ತಿರುಗುತ್ತದೆ, ಸುತ್ತು ಮುಗಿದಾಗ ಗುರುತು ಇದ್ದಲ್ಲೇ ಇರುತ್ತದೆ, ಅಲ್ಲಿಯವರೆಗೆ ಹುಟ್ಟನ್ನು ಎತ್ತಿ ಹಿಡಿದು ಕಾಯಬೇಕೆಂದು ಬೆಟ್ಟಯ್ಯ ಹೇಳಿಕೊಟ್ಟನು. ಕಾಯುವ ಆ ಒಂದು ಗಳಿಗೆಯನ್ನು ಕಲಿಯಲು ಅವಳಿಗೆ ಶ್ರಾವಣ ಪೂರ್ತಿ ಹಿಡಿಯಿತು. ಕೆಲವು ದಿನ ನಡುಹೊಳೆಯ ಸುಳಿಯವರೆಗೆ ಸಲೀಸಾಗಿ ಹೋಗಿ ಬಂದಳು. ಕೆಲವು ದಿನ, ಯಾವ ಕಾರಣವೂ ಇಲ್ಲದೆ, ಮತ್ತೆ ಪಾಚಿಯ ವಾಸನೆಯವರೆಗೆ ಹೋದಳು. ಆದರೆ ದಡದ ಕಲ್ಲಿನ ಮೇಲೆ ಕೂರುವ ಹೊತ್ತು ಕಡಿಮೆಯಾಗುತ್ತ ಬಂತು. ಒಂದು ಬೆಳಿಗ್ಗೆ ತಾನು ಬಂಡೆಗೆ ಹೇಳುತ್ತಿರುವುದು ಅಳುವ ಮಾತಲ್ಲ, ಸೋರುತ್ತಿರುವ ಸೂರಿನ ವಿಷಯವೆಂದು ಅವಳೇ ಗಮನಿಸಿ ಬೆರಗಾದಳು.

ಭಾದ್ರಪದದಲ್ಲಿ ನೀರು ಇಳಿಯಿತು. ಕಡವಿನ ಮೆಟ್ಟಿಲು ಕಂಡ ಬೆಳಿಗ್ಗೆ ಊರು ದಡದಲ್ಲಿ ನೆರೆಯಿತು. ಕುಡುಗೋಲು, ಬುತ್ತಿ, ಒಂದು ಮೇಕೆ, ಕಳೆ ಕೀಳಲು ಹೊರಟ ಹೆಂಗಸರು, ನಡುವೆ ಚಿಕ್ಕಬೋರಯ್ಯ: ಹರಿಗೋಲು ತುಂಬಿತು. ಕೆಂಪಸಿದ್ದಯ್ಯ ಎರಡನೆಯ ಹುಟ್ಟನ್ನು ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡು ಹಿಂದೆ ಕುಳಿತನು. ಚಿಕ್ಕಮಾದಮ್ಮ ತನ್ನ ಕಲ್ಲಿನ ಮೇಲೆ ಕುಳಿತು ಬಂಡೆಯನ್ನು ನೋಡಿದಳು. ಜನ ಕಾದರು. ಮೇಕೆ ಕೂಗಿತು. ಅವಳು ಎದ್ದು ಮುಖ ತೊಳೆದು ಹುಟ್ಟು ಹಿಡಿದಳು.

ಹರಿಗೋಲು ಮೊದಲರ್ಧ ನೆಟ್ಟಗೆ ಸಾಗಿತು. ನೀರಿನ ಮೇಲೆ ಹುಟ್ಟಿನ ಸದ್ದು, ಬಿದಿರು ಹೆಣಿಗೆಯ ಕಿರುಗುಟ್ಟುವಿಕೆ, ಅಷ್ಟೇ. ನಡುಹೊಳೆಯಲ್ಲಿ ಸೆಳೆತ ಸಿಕ್ಕಿತು. ಹರಿಗೋಲು ನಡುಗಿ ನಿಧಾನವಾಗಿ ತಿರುಗತೊಡಗಿತು. ಆಗ ಹಿಂದಿನಿಂದ ಕೆಂಪಸಿದ್ದಯ್ಯನ ಧ್ವನಿ ಕೇಳಿತು. ಅವನದೆಂದು ಗುರುತು ಹತ್ತದಷ್ಟು ಸಣ್ಣ ಧ್ವನಿ.

“ಅಣ್ಣನ ಉಟ್ಟು.”

ನೀರು ಇಳಿದ ಕರಿಬಂಡೆಯ ಆಚೆ ಮಗ್ಗುಲಿನಲ್ಲಿ, ಊರ ದಡಕ್ಕೆ ಕಾಣದ ಸೀಳಿನಲ್ಲಿ, ಎರಡು ತಿಂಗಳು ಹೊಳೆಯೊಳಗಿದ್ದು ಕಪ್ಪಾದ ಹುಟ್ಟೊಂದು ಸಿಕ್ಕಿಕೊಂಡು ನಿಂತಿತ್ತು. ಯಾರೋ ಕೈಯೆತ್ತಿದಂತೆ ಅದರ ಅಲಗು ಮೇಲಕ್ಕೆ ಚಾಚಿತ್ತು.

ಎಲ್ಲರೂ ಒಮ್ಮೆಗೇ ತಿರುಗಿದರು. ಭಾರ ಒಂದು ಮಗ್ಗುಲಿಗೆ ಸರಿಯಿತು. ಅಂಚಿನ ಮೇಲಿಂದ ನೀರು ಒಳಗೆ ಬಂತು. ಹರಿಗೋಲು ಬಂಡೆಯ ಕಡೆಗೆ ಜಾರಿತು. ಜಾರಿದ್ದು ಸೆಳೆತದಿಂದ ಮಾತ್ರವಲ್ಲ. ಕೆಂಪಸಿದ್ದಯ್ಯ ಆ ಕಪ್ಪು ಅಲಗಿನಿಂದ ಕಣ್ಣು ಕೀಳಲಾರದೆ, ತಾನೇನು ಮಾಡುತ್ತಿರುವೆನೆಂಬ ಅರಿವೇ ಇಲ್ಲದೆ ತನ್ನ ಹುಟ್ಟನ್ನು ನೀರಿಗೆ ಹಾಕಿ, ಬಲವಾಗಿ, ಒಂದೇ ಸಮನೆ ಅದರ ಕಡೆಗೇ ಎಳೆಯುತ್ತಿದ್ದನು.

ಚಿಕ್ಕಮಾದಮ್ಮನಿಗೆ ಬಿಳಿ ಗಾಯ ಕಾಣುತ್ತಿರಲಿಲ್ಲ. ಹರಿಗೋಲಿನ ಸುತ್ತು ಅದನ್ನು ಬೆನ್ನ ಹಿಂದಕ್ಕೆ ಒಯ್ದಿತ್ತು. ಕುತ್ತಿಗೆಯನ್ನು ಒಂದಿಷ್ಟು ಹೊರಳಿಸಿದ್ದರೆ ಗಂಡನ ಹುಟ್ಟು ಕಾಣುತ್ತಿತ್ತು. ಅವನ ಅಂಗೈ ತಾಗಿ ಸವೆದ ಹಿಡಿಕೆ ಅದು. ಪಾಚಿಯ ವಾಸನೆ ಬಂತು. ಅವಳು ತನ್ನ ಹುಟ್ಟನ್ನು ನೀರಿನಿಂದ ಮೇಲಕ್ಕೆತ್ತಿ ಹಿಡಿದಳು.

“ಕೆಂಪಸಿದ್ದಯ್ಯ, ಅದ ಆಮೇಲೆ ತರಾನ ಕಣಪ್ಪ. ನಾನು ನಿಮ್ಮಣ್ಣಂಗೆ ಯೋಳ್ಬುಟ್ಟೇ ಬಂದಿವ್ನಿ. ಉಟ್ಟು ಮಡಗು.”

ಮನೆಯ ಒಲೆಯ ಮುಂದೆ ಆಡಿದಂತಿತ್ತು ಆ ಮಾತು. ಕೆಂಪಸಿದ್ದಯ್ಯನ ಕೈ ನಿಂತಿತು. ಎಳೆತ ತಪ್ಪಿದ ಹರಿಗೋಲು ತನ್ನ ಸುತ್ತನ್ನು ತಾನೇ ಮುಗಿಸಿತು. ಬೆಟ್ಟ ಸರಿಯಿತು, ಕಾಡು ಸರಿಯಿತು, ಹೊಳೆಮತ್ತಿಯ ಸಾಲು ಬಂತು, ಸಾಲಿನ ನಡುವೆ ಅಂಗೈಯಗಲದ ಬಿಳುಪು ಬಂತು. ಅವಳು ಹುಟ್ಟು ಹಾಕಿದಳು. ಬಂಡೆ ಹರಿಗೋಲಿನ ಅಂಚನ್ನು ಸವರಿತು. ಚರ್ಮ ಉಜ್ಜಿದ ಸದ್ದು ಎಲ್ಲರಿಗೂ ಕೇಳಿತು. ಅವಳು ಇನ್ನೊಂದು ಹುಟ್ಟು ಹಾಕಿದಳು, ಮತ್ತೊಂದು. ಸೆಳೆತ ಹಿಂದುಳಿಯಿತು. ಹರಿಗೋಲು ಮೆಟ್ಟಿಲಿಗೆ ಬಂದು ತಗುಲಿತು.

ಜನ ಇಳಿದರು, ಆದರೆ ಯಾರೂ ಹೊಲದ ಕಡೆಗೆ ಹೆಜ್ಜೆಯಿಡಲಿಲ್ಲ. ಎರಡನೆಯ ಹುಟ್ಟು ನೀರು ಮುಟ್ಟಿದ್ದನ್ನು ಎಲ್ಲರೂ ಕಂಡಿದ್ದರು. ಮಾತಿನಂತೆ ನಡೆಯುವುದಾದರೆ ಕಡವು ಕೆಂಪಸಿದ್ದಯ್ಯನದು. ಚಿಕ್ಕಬೋರಯ್ಯ ಪಂಚೆಯ ನೀರು ಹಿಂಡುತ್ತ ಅವನ ಮುಖವನ್ನೇ ನೋಡಿದನು. ಚಿಕ್ಕಮಾದಮ್ಮ ಹರಿಗೋಲನ್ನು ಕಲ್ಲಿಗೆ ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ.

“ನನ್ ಉಟ್ಟು ನೀರ ಮುಟ್ತು,” ಎಂದನು ಕೆಂಪಸಿದ್ದಯ್ಯ. “ಉಳ್ಸಕ್ಕಲ್ಲ. ಮುಳುಗ್ಸಕ್ಕೆ.”

ಸುಗ್ಗಿಯ ರಾಗಿ ಈ ವರ್ಷದಿಂದ ಚಿಕ್ಕಮಾದಮ್ಮನ ಹೆಸರಿಗೆ ಅಳೆಯಲಿ ಎಂದು ಹೇಳಿ ಚಿಕ್ಕಬೋರಯ್ಯ ಹೊಲದ ದಾರಿ ಹಿಡಿದನು. ಉಳಿದವರು ಹಿಂದೆ ಹೋದರು. ದಡದಲ್ಲಿ ಅತ್ತಿಗೆ ಮೈದುನರು ಉಳಿದರು.

ಅವಳು ಹಗ್ಗದ ಗಂಟನ್ನು ಬಿಗಿದು, ಸೆರಗಿನಿಂದ ಕೈ ಒರೆಸಿಕೊಂಡು, ಮೊದಲ ಬಾರಿಗೆ ಹೊಳೆಯ ಕಡೆಗೆ ತಿರುಗಿದಳು.

“ಎಲ್ಲದೆ, ತೋರ್ಸು.”

ಅವನು ತೋರಿಸಿದನು. ಅವಳು ಮೆಟ್ಟಿಲ ಮೇಲೆ ಕುಳಿತು ನೋಡಿದಳು. ಬಿಸಿಲು ಮರದ ನೆತ್ತಿಯಿಂದ ಕಾಂಡಕ್ಕೆ ಇಳಿಯುವವರೆಗೂ ನೋಡಿದಳು. ಅವಳ ಭುಜ ಅದುರಿದಾಗ ಕೆಂಪಸಿದ್ದಯ್ಯ ಬೇರೆ ಕಡೆಗೆ ಮುಖ ಮಾಡಿ ನಿಂತನು. ನೀರು ಇನ್ನೂ ಇಳಿದ ಮೇಲೆ, ಹಗ್ಗ ತಂದು, ಇಬ್ಬರೂ ಹೋಗಿ ಅದನ್ನು ತರುವುದೆಂದು ಮಾತಾಯಿತು.

ಆಮೇಲೆ ಅವಳು ಮುಖ ತೊಳೆದುಕೊಂಡು ಈಚೆ ದಡದ ಕಡೆಗೆ ಕಣ್ಣು ಹಾಯಿಸಿದಳು. ಹಿಂದಿರುಗುವ ದಾರಿಗೆ ಅವಳು ಇನ್ನೂ ಗುರುತು ಹುಡುಕಿರಲಿಲ್ಲ. ಕಡವಿನ ಕಲ್ಲಿನ ಮೇಲೆ ಬೆಟ್ಟಯ್ಯ ಬೆಳಿಗ್ಗೆಯಿಂದ ಅಲುಗಾಡದೆ ಕುಳಿತಿದ್ದನು. ಅವನ ತಲೆಗೆ ಸುತ್ತಿದ ಬಿಳಿ ವಸ್ತ್ರ ದೂರಕ್ಕೂ ಸ್ಪಷ್ಟವಾಗಿ ಕಾಣುತ್ತಿತ್ತು. ಅದು ಸಾಕಾಗಿತ್ತು.

ಕೆಂಪಸಿದ್ದಯ್ಯ ಹಗ್ಗ ಬಿಚ್ಚಿ, ಹರಿಗೋಲಿನ ಅಂಚು ಹಿಡಿದು ನಿಂತನು. ಎರಡನೆಯ ಹುಟ್ಟು ತಳದಲ್ಲಿ ಬಿದ್ದಿತ್ತು; ಅವನು ಅದನ್ನು ಎತ್ತಿಕೊಳ್ಳಲಿಲ್ಲ.

“ನಾನ್ ಎಲ್ಲಿ ಕೂರ್ಲಿ ಅತ್ಗೆ?”

“ಬಂಡೆಗೆ ಬೆನ್ನ ಮಾಡಿ ಕೂತ್ಕೊ,” ಎಂದು ಚಿಕ್ಕಮಾದಮ್ಮ ಹುಟ್ಟನ್ನು ನೀರಿಗೆ ಹಾಕಿದಳು.