ಆರನೇ ಹಾಡಿನಲ್ಲಿ ಗನಿಸಾಬ

‘ಹದ’ ಆಲ್ಬಮ್ ಬಿಡುಗಡೆಯಾದ ಒಂಬತ್ತು ದಿನಗಳಲ್ಲಿ ಮೂರು ವಿಮರ್ಶೆಗಳು ಬಂದವು. ಚನ್ನಗಿರಿಯ ‘ಗೊರಬಲು’ ತಂಡಕ್ಕೆ ಇದು ಹೊಸದು. ಅವರ ಮೊದಲ ಎರಡು ಆಲ್ಬಮ್‌ಗಳಿಗೆ ಸಿಕ್ಕಿದ್ದು ಒಟ್ಟು ಎರಡೇ ವಿಮರ್ಶೆ. ಎರಡನ್ನೂ ಬರೆದವರು ದಾವಣಗೆರೆಯ ಪತ್ರಿಕೆಯೊಂದರ ರೇಣುಕಪ್ರಸಾದ್.

ತಂಡದಲ್ಲಿ ಮೂವರಿದ್ದಾರೆ. ವಿನಯ್ ಕುಮಾರ್ ಗಿಟಾರ್ ನುಡಿಸುತ್ತಾನೆ. ಅವನ ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯೇ ಸ್ಟುಡಿಯೊ. ಹಾಡುವವಳು ಕಲ್ಪನಾ, ನ್ಯಾಮತಿಯ ಶಾಲೆಯೊಂದರಲ್ಲಿ ಶಿಕ್ಷಕಿ. ಸದ್ದು ತರುವವನು ಮುಬೀನ್. ತ್ಯಾವಣಿಗೆ ರಸ್ತೆಯ ಗೋದಾಮಿನಲ್ಲಿ ಹನ್ನೊಂದು ವರ್ಷದಿಂದ ಅಡಿಕೆ ಸುಲಿಯುವ ಯಂತ್ರ ನಡೆಸುವ ಅವನು ಅದರ ಗಡಗಡ, ಜರಡಿಯ ಕುಲುಕು, ಅಡಿಕೆ ಬೇಯಿಸುವ ಹಂಡೆಯ ಕುದಿತ ಎಲ್ಲವನ್ನೂ ಫೋನಿನಲ್ಲಿ ಹಿಡಿದು ತರುತ್ತಿದ್ದ. ಗೊರಬಲು ಎಂದರೆ ಅಡಿಕೆಯಲ್ಲಿ ಕಡಿಮೆ ದರ್ಜೆಯ ಮಾಲು. ತಂಡಕ್ಕೆ ಆ ಹೆಸರಿಟ್ಟವನೂ ಅವನೇ.

ಮೊದಲೆಲ್ಲ ಒಂದೊಂದು ಹಾಡು ಇಪ್ಪತ್ತು ನಿಮಿಷ ಓಡುತ್ತಿತ್ತು. ಹೊನ್ನಾಳಿಯಲ್ಲಿ ನಲವತ್ತು ಜನರೊಂದಿಗೆ ಶುರುವಾದ ಕಾರ್ಯಕ್ರಮ ಹನ್ನೊಂದು ಜನರೊಂದಿಗೆ ಮುಗಿಯಿತು. ಜಗಳೂರಿನಲ್ಲಿ ಮೈಕ್ ಸೆಟ್ಟಿನ ಮಾರಪ್ಪ ಮಧ್ಯದಲ್ಲೇ ವೈರು ಕಿತ್ತು, “ಮಿಷನ್ ಕೆಟ್ಟೈತೆ ಅನ್ಕಂಡೆ ಕಣ್ರೀ, ಸುಟ್ಟುಗಿಟ್ಟು ಹೋದೀತು ಅಂತ” ಎಂದಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಕಲ್ಪನಾ ಹೇಳಿದಳು: “ಜನ ಕುಂತು ಕೇಳೋವಂಥದ್ದು ಒಂದು ಮಾಡೋಣ. ಇಲ್ಲಾಂದ್ರೆ ನನಗೆ ಬರಾಕಾಗಲ್ಲ.”

ಮುಬೀನ್ ಒಪ್ಪಿದ. ಅವನದು ಒಂದೇ ಷರತ್ತು: ಅಬ್ಬಾನ ರೆಕಾರ್ಡಿಂಗ್ ಅದರಲ್ಲಿ ಇರಬೇಕು.

ಅವನ ತಂದೆ ಗನಿಸಾಬ ಮಂಡಿಯಲ್ಲಿ ಮೂವತ್ತನಾಲ್ಕು ವರ್ಷ ಅಡಿಕೆಯ ದರ್ಜೆ ನೋಡಿದವರು. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಕಣ್ಣು ಮುಚ್ಚಿ ತಗಡಿನ ತಟ್ಟೆಗೆ ಸುರಿಯುತ್ತಿದ್ದರು. ಒಣಗಿದ ಅಡಿಕೆ ಠಣಠಣ ಅನ್ನುತ್ತದೆ, ಹಸಿ ಇದ್ದದ್ದು ಮಂಕಾಗಿ ಬೀಳುತ್ತದೆ. ಅವರು ಹೇಳಿದ್ದನ್ನು ಮಂಡಿಯಲ್ಲಿ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ. ಧೂಳು ಎದೆಯಲ್ಲಿ ಕೂತು, ಕೊನೆಯ ವರ್ಷಗಳಲ್ಲಿ ಎರಡು ಹಿಡಿಗಳ ನಡುವೆ ಅವರ ಉಸಿರು ಸಣ್ಣಗೆ ಸುಯ್ ಎಂದು ಕೇಳುತ್ತಿತ್ತು. ಅವರು ತೀರಿಕೊಳ್ಳುವುದಕ್ಕೆ ಒಂದು ತಿಂಗಳ ಮುಂಚೆ ಮುಬೀನ್ ಅದನ್ನೆಲ್ಲ ಫೋನಿನಲ್ಲಿ ಏಳು ನಿಮಿಷ ರೆಕಾರ್ಡ್ ಮಾಡಿದ್ದ.

ತಾಯಿ ಅಖ್ತರ್‌ಬೀ ಅದನ್ನು ಕೇಳಬೇಕೆಂದು ಹಲವು ಸಲ ಹೇಳಿದ್ದಳು. ಆಲ್ಬಮ್ ಬರಲಿ, ಚೆನ್ನಾಗಿ ಮಾಡಿ ಕೇಳಿಸುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ಈಗ ಭಾನುವಾರ ಮಧ್ಯಾಹ್ನ ಎಂದು ದಿನ ನಿಗದಿಯಾಗಿತ್ತು.

ಮೊದಲ ವಿಮರ್ಶೆ ಬೆಂಗಳೂರಿನ ಜಾಲತಾಣದ್ದು. ‘ಕೊನೆಗೂ ಈ ತಂಡವನ್ನು ಕೇಳಬಹುದು. ಏಳನೇ ಹಾಡು ನಾಲಿಗೆಯ ಮೇಲೇ ಉಳಿಯುತ್ತದೆ’ ಎಂದಿತ್ತು. ಎರಡನೆಯದು ಹತ್ತಕ್ಕೆ ಏಳು ಅಂಕ ಕೊಟ್ಟು, ಧ್ವನಿಯ ಶುಭ್ರತೆಯನ್ನು ಹೊಗಳಿತ್ತು. ಮೂರನೆಯದು ರೇಣುಕಪ್ರಸಾದರದು, ಶುಕ್ರವಾರದ ಪುರವಣಿಯಲ್ಲಿ ಬಂತು. ಮುಬೀನ್ ಕಾದಿದ್ದು ಅದಕ್ಕೇ.

ಅವರೂ ಮೆಚ್ಚಿದ್ದರು. ಆದರೆ ಕೊನೆಯಲ್ಲಿ ಹೀಗೆ ಬರೆದಿದ್ದರು: ‘ಆರನೇ ಹಾಡಿನಲ್ಲಿ ಅಡಿಕೆ ತಗಡಿನ ಮೇಲೆ ಅಚ್ಚುಕಟ್ಟಾಗಿ ಬೀಳುತ್ತದೆ. ಸುರಿಯುವವರು ಮಾತ್ರ ಯಾರೂ ಇಲ್ಲ. ಹಳೆಯ ಗದ್ದಲದೊಳಗೆ ಯಾವಾಗಲೂ ಒಬ್ಬ ಮನುಷ್ಯ ಇರುತ್ತಿದ್ದ.’

ಮರುದಿನ ಬೆಳಿಗ್ಗೆ ಮುಬೀನ್ ಪತ್ರಿಕೆ ಹಿಡಿದುಕೊಂಡು ಝೆರಾಕ್ಸ್ ಅಂಗಡಿಗೆ ಹೋದ. ಕಲ್ಪನಾ ಆಗಲೇ ಬಂದಿದ್ದಳು.

“ರೇಣುಕಪ್ರಸಾದರಿಗೆ ವಯಸ್ಸಾತು” ಎಂದ. “ಅಬ್ಬಾನ ಉಸಿರು ಅಷ್ಟು ಚೆನ್ನಾಗಿ ಕೇಳ್ತೈತೆ, ಯಾರೂ ಇಲ್ಲ ಅಂತ ಬರ್ದಾರೆ.”

ವಿನಯ್ ಕಲ್ಪನಾಳ ಮುಖ ನೋಡಿದ. “ಯಾವ ಉಸಿರೋ?”

“ಹಿಡಿ ಹಿಡಿಗೂ ನಡುವೆ ಬರಲ್ವಾ, ಸುಯ್ ಅಂತ.”

“ಅದನ್ನ ತೆಗೆದೆನಲ್ಲೋ. ಫ್ಯಾನಿನ ಗಾಳಿ ಅನ್ಕಂಡೆ. ಕೊರಕೊರ ಸದ್ದೆಲ್ಲಾ ತೆಗಿ ಅಂದೋನು ನೀನೇ. ಪಕ್ಕದಾಗೆ ಕುಂದ್ರಿಸ್ಕಂಡು ಮೂರು ಸಲ ಕೇಳಿಸ್ದೆ. ಸರಿ ಐತೆ ಅಂತ ನೀನೇ ಅಂದೆ.”

ಅದು ನಿಜ. ಮುಬೀನ್ ಮೂರು ಸಲವೂ ಹೆಡ್‌ಫೋನ್ ಹಾಕಿ ಕೇಳಿದ್ದ. ಪ್ರತಿ ಹಿಡಿಯ ಆಮೇಲೆ ಉಸಿರು ಎಲ್ಲಿ ಬರಬೇಕೋ ಅಲ್ಲಿ ಬಂದಿತ್ತು.

ಕಲ್ಪನಾ ಹಾಡು ಹಾಕಿದಳು. “ಈಗ?”

“ಕೇಳ್ತೈತಲ್ಲ.”

ಅವಳು ಹಾಡು ನಿಲ್ಲಿಸಿದಳು. ಕಂಪ್ಯೂಟರಿನಲ್ಲಿ ಕಿವಿ ಪರೀಕ್ಷಿಸುವ ಕೀರಲು ಸದ್ದೊಂದನ್ನು ಹುಡುಕಿ ಒತ್ತಿದಳು. ವಿನಯ್ ಮುಖ ಸಿಂಡರಿಸಿ ಎಡಗಿವಿಗೆ ಕೈ ಹಚ್ಚಿದ.

“ಇದು?” ಎಂದು ಕೇಳಿದಳು.

“ಯಾವುದು?” ಎಂದ ಮುಬೀನ್.

ಅವಳು ಬೆರಳು ತೆಗೆಯಲಿಲ್ಲ. ವಿನಯ್ ಕಿವಿಯಿಂದ ಕೈ ಇಳಿಸಲಿಲ್ಲ. ಮುಬೀನ್ ಇಬ್ಬರನ್ನೂ ನೋಡಿದ.

“ಹನ್ನೊಂದು ವರ್ಷ ಆ ಮಿಷನ್ ಪಕ್ಕದಾಗೆ…” ಎಂದು ವಿನಯ್ ಶುರು ಮಾಡಿದವನು ಅಲ್ಲಿಗೇ ಬಿಟ್ಟ.

“ಮೊದಲಿಂದು ಎಲ್ಲೈತೆ? ತೆಗೀದೆ ಇರೋದು?” ಎಂದ ಮುಬೀನ್.

“ಅದರ ಮೇಲೇ ಸೇವ್ ಮಾಡ್ದೆ. ನೀನು ಸರಿ ಅಂದ್ಮೇಲೆ ಇನ್ನೊಂದು ಯಾಕೆ ಅಂತ. ನಿನ್ನ ಫೋನಿನಾಗೆ ಐತಲ್ಲ?”

ಆ ಫೋನು ಹೋದ ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹಂಡೆಗೆ ಬಿದ್ದಿತ್ತು. ಆಗ ಮೂವರೂ ನಕ್ಕಿದ್ದರು. ಕುದಿಯುವ ಸದ್ದನ್ನು ಹತ್ತಿರದಿಂದ ಹಿಡಿಯಲು ಹೋಗಿ ಬಿದ್ದದ್ದು ಅದು.

ಭಾನುವಾರ ಮಧ್ಯಾಹ್ನ ಮುಬೀನನ ಅಕ್ಕ ನುಜಹತ್ ತನ್ನ ಮನೆಯಿಂದ ಸ್ಪೀಕರ್ ತಂದಳು. ಅಖ್ತರ್‌ಬೀ ನಮಾಜು ಮುಗಿಸಿ ಬಂದು ಗೋಡೆಗೆ ಒರಗಿ ಕುಳಿತಳು. ಬೇಡ, ಇನ್ನೊಂದು ದಿನ ಎಂದು ಮುಬೀನ್ ಎರಡು ಸಲ ಹೇಳಿ ನೋಡಿದ.

“ಬೆಳಗಿಂದ ಮುದುಕಿ ದಾರಿ ಕಾಯ್ತಾ ಕೂತವಳೆ. ಹಾಕೋ ಸುಮ್ನೆ” ಎಂದಳು ನುಜಹತ್.

ಆರನೇ ಹಾಡು ಹಾಕಿದ. ನಾಲ್ಕು ನಿಮಿಷ ಅಖ್ತರ್‌ಬೀ ಕಣ್ಣು ಮುಚ್ಚಿ ಕೇಳಿದಳು. ಗಿಟಾರಿನ ಕೆಳಗೆ ಅಡಿಕೆ ಹಿಡಿ ಹಿಡಿಯಾಗಿ ತಗಡಿನ ಮೇಲೆ ಬೀಳುತ್ತಿತ್ತು. ಒಂದೆರಡು ಕಡೆ ಅವಳು ತಲೆ ಮುಂದೆ ಚಾಚಿ ಏನನ್ನೋ ಕಾದಳು. ನುಜಹತ್ ತಮ್ಮನ ಕಡೆ ತಿರುಗಿ ನೋಡಿ, ಮತ್ತೆ ನೆಲ ನೋಡಿದಳು. ಮುಬೀನನಿಗೆ ಆಗಲೂ ಉಸಿರು ಕೇಳುತ್ತಿತ್ತು.

ಹಾಡು ಮುಗಿಯಿತು.

“ಯಾರ ಕೈ ಇದು?” ಎಂದು ಕೇಳಿದಳು ಅಖ್ತರ್‌ಬೀ. ಮನೆಯ ಮಾತು ಉರ್ದು. ಅದರಲ್ಲಿ ಅವಳು ಕೇಳಿದ್ದರ ಅರ್ಥ ಇಷ್ಟೇ.

ಮುಬೀನ್ ಸ್ಪೀಕರ್ ನೋಡಿದ. “ನಂದು, ಅಮ್ಮಿ.”

“ಚೆನ್ನಾಗಿ ಸುರೀತೀಯ. ಥೇಟ್ ಅವರ ಹಂಗೇ.” ಅವಳು ಸೆರಗು ಸರಿ ಮಾಡಿಕೊಂಡು ಮತ್ತೆ ಗೋಡೆಗೆ ಒರಗಿದಳು. “ಆತು, ಈಗ ನಿಮ್ಮ ಅಬ್ಬಾನದು ಹಾಕು.”

ಯಾರೂ ನಿಲ್ಲಿಸಿರಲಿಲ್ಲ. ಬೆಂಗಳೂರಿನವರು ಮೆಚ್ಚಿದ್ದ ಏಳನೇ ಹಾಡು ಶುರುವಾಗಿತ್ತು.